ಜಿಪ್ಸಿಗೆ ಕ್ರಾಂಕ್ ಟ್ರಿಗರ್ ಕಿಟ್: ಮಲೆನಾಡಿನ ಮಳೆ, ಘಾಟಿ ಎರಡನ್ನೂ ಕಂಡ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಬದಲು, ಕ್ರಾಂಕ್ ಎಲ್ಲಿದೆ ಅಂತ ಸೆನ್ಸರಿನಿಂದ ನೇರವಾಗಿ ಓದಿ ಕಿಡಿ ಕೊಡುವ ಈ ಕಿಟ್ ಒಳ್ಳೆಯದೇ. ಆದರೆ ಚಕ್ರ ಕೂರಿಸಿ, ವೈರ್ ಸಿಕ್ಕಿಸಿ, ಗಾಡಿ ಸ್ಟಾರ್ಟ್ ಆದ ಕೂಡಲೇ ಕೆಲಸ ಮುಗಿಯಿತು ಅನ್ನುವವರಾದರೆ ಇದರ ತಂಟೆಗೆ ಹೋಗಬೇಡಿ. ಪಿಸ್ಟನ್ ತುದಿ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮೊದಲು ಕಿಡಿ ಬೀಳುತ್ತದೆ ಅನ್ನುವುದೇ ಟೈಮಿಂಗ್. ಲ್ಯಾಪ್‌ಟಾಪಿನಲ್ಲಿ 10 ಡಿಗ್ರಿ ಅಂತ ಕಂಡ ಮಾತ್ರಕ್ಕೆ ಕ್ರಾಂಕ್‌ನಲ್ಲೂ 10 ಡಿಗ್ರಿಗೇ ಕಿಡಿ ಬೀಳುತ್ತಿದೆ ಅಂತ ನಂಬುವ ಹಾಗಿಲ್ಲ. ಕಿಡಿ ಬಿದ್ದಾಗಲೆಲ್ಲ ಮಿನುಗುವ ಟೈಮಿಂಗ್ ಲೈಟ್ ಹಿಡಿದು ಎರಡನ್ನೂ ತಾಳೆ ಹಾಕುವವರೆಗೆ ಮ್ಯಾಪಿನಲ್ಲಿ, ಅಂದರೆ ಟೈಮಿಂಗ್ ಅಂಕಿಗಳ ಕೋಷ್ಟಕದಲ್ಲಿ, ನೀವು ಬರೆದದ್ದೆಲ್ಲ ಅಂದಾಜು.

ಗಾಡಿ ಕಾರ್ಬ್ಯುರೇಟರಿನ 1298 ಸಿಸಿ ಜಿಪ್ಸಿ. ಇರುವುದು ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ. ಈ ಎಂಜಿನ್ನಿನ ಡಿಸ್ಟ್ರಿಬ್ಯೂಟರ್ ಹೆಡ್ಡಿನ ಹಿಂಬದಿಯಲ್ಲಿ ಕೂತು ಕ್ಯಾಮ್‌ಶಾಫ್ಟಿನಿಂದ ತಿರುಗುತ್ತದೆ. ಕ್ರಾಂಕ್ ಬೆಲ್ಟನ್ನು ಎಳೆಯಬೇಕು, ಬೆಲ್ಟ್ ಕ್ಯಾಮನ್ನು, ಕ್ಯಾಮ್ ಡಿಸ್ಟ್ರಿಬ್ಯೂಟರನ್ನು. ನಡುವೆ ಎಲ್ಲೆಲ್ಲಿ ಸಡಿಲವಿದೆಯೋ ಅಷ್ಟೂ ಟೈಮಿಂಗಿಗೆ ಬಂದು ಸೇರುತ್ತದೆ. ಹಳೆಯ ಗಾಡಿಗೆ ಲೈಟ್ ಹಿಡಿದು ನೋಡಿ, ಗುರುತು ಒಂದು ಕಡೆ ನಿಲ್ಲುವುದೇ ಇಲ್ಲ. ಇದರ ಮೇಲೆ ಆಷಾಢದ ಮಳೆ ಬೇರೆ. ಬೆಳಗ್ಗೆ ಕ್ಯಾಪ್ ಬಿಚ್ಚಿ ಒಳಗಿನ ತೇವ ಒರೆಸಿ ಸ್ಟಾರ್ಟ್ ಮಾಡುವ ಭಾಗ್ಯ ನಮ್ಮ ಕಡೆ ಯಾರಿಗೆ ಗೊತ್ತಿಲ್ಲ ಹೇಳಿ!

ಕಿಟ್‌ನಲ್ಲಿ ಬಂದದ್ದು 36-1 ಹಲ್ಲಿನ ಉಕ್ಕಿನ ಚಕ್ರ, ಹಲ್ಲು ಹಾದಾಗಲೆಲ್ಲ ಸಿಗ್ನಲ್ ಕೊಡುವ ವಿಆರ್ (ಕಾಂತೀಯ) ಸೆನ್ಸರ್, ಎರಡು ಕಾಯಿಲ್ ಒಟ್ಟಿಗಿರುವ ಪ್ಯಾಕ್, ಎಂಜಿನ್ನಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನ ಒತ್ತಡ ಅಳೆಯುವ ಸೆನ್ಸರ್ ಇರುವ ಪುಟ್ಟ ಇಸಿಯು (ಕಿಡಿ ನಿಯಂತ್ರಿಸುವ ಕಂಪ್ಯೂಟರ್). 36 ಹಲ್ಲಿನ ಜಾಗ, ಅಂದರೆ ಹಲ್ಲಿಗೆ 10 ಡಿಗ್ರಿ. ಅದರಲ್ಲಿ ಒಂದು ಹಲ್ಲು ಬೇಕಂತಲೇ ಇಲ್ಲ. ಆ ಖಾಲಿ ಜಾಗ ಸೆನ್ಸರ್ ಮುಂದೆ ಹಾದಾಗ ಇಸಿಯುಗೆ ಎಣಿಕೆ ಎಲ್ಲಿಂದ ಶುರು ಅಂತ ತಿಳಿಯುತ್ತದೆ. ಫೋರ್ಡ್ ಕಂಪನಿ ತನ್ನ ಇಡಿಐಎಸ್ ಇಗ್ನಿಷನ್‌ನಲ್ಲಿ ಬಳಸಿದ್ದೂ ಇದೇ ಲೆಕ್ಕ. ಅದರಲ್ಲಿ ನಾಲ್ಕು ಸಿಲಿಂಡರಿಗೆ ಖಾಲಿ ಹಲ್ಲು ಟಿಡಿಸಿಗೆ (ಪಿಸ್ಟನ್ ತುತ್ತತುದಿ ಮುಟ್ಟುವ ಬಿಂದುವಿಗೆ) 90 ಡಿಗ್ರಿ ಮೊದಲೇ ಸೆನ್ಸರ್ ಎದುರು ಬರಬೇಕು ಅನ್ನುವ ಕಟ್ಟುನಿಟ್ಟು ಇತ್ತು. ಈಗಿನ ಇಸಿಯುಗಳಲ್ಲಿ ಹಾಗಿಲ್ಲ. ಬ್ರಾಕೆಟ್ ಎಲ್ಲಿ ಗಟ್ಟಿಯಾಗಿ ನಿಲ್ಲುತ್ತದೋ ಅಲ್ಲಿ ಸೆನ್ಸರ್ ಕೂರಿಸಿ, ಮಿಕ್ಕ ಕೋನವನ್ನು, ಅಂದರೆ ಟ್ರಿಗರ್ ಕೋನವನ್ನು, ಸಾಫ್ಟ್‌ವೇರಿನಲ್ಲಿ ಕೊಡಬಹುದು. ನನ್ನ ಓಟು ಗಟ್ಟಿ ಬ್ರಾಕೆಟ್ಟಿಗೆ. ಕಿಟ್ಟಿನ ಜೊತೆ ಬಂದ ತಗಡಿನ ಪಟ್ಟಿ ಅಲುಗಾಡುತ್ತಿತ್ತು. ಹಾಸನದ ಲೇತ್ ಅಂಗಡಿಯಲ್ಲಿ ದಪ್ಪ ಪ್ಲೇಟಿನದು ಮಾಡಿಸಿದೆ. ಸೆನ್ಸರಿಗೂ ಹಲ್ಲಿಗೂ 1 ಮಿ.ಮೀ. ಒಳಗಿನ ಸಂದು ಸಾಕು. ಚಕ್ರ ಓಲಾಡದೆ ಸುತ್ತಬೇಕು, ಅದು ಮುಖ್ಯ.

ಟೈಮಿಂಗ್ ಇಡುವ ವಿಷಯಕ್ಕೆ ಬಂದಾಗ ನಮ್ಮ ಮೆಕ್ಯಾನಿಕ್ ಬಾನೆಟ್ ಒಳಗೆ ಬಗ್ಗಿ, "ಸಾರ್, ಇದ್ರಲ್ಲಿ ತಿರುಗ್ಸೋಕೆ ಏನೂ ಇಲ್ವಲ್ಲ!" ಅಂದ. ನಿಜ. ಕ್ಲಾಂಪ್ ಸಡಿಲ ಮಾಡಿ ಡಿಸ್ಟ್ರಿಬ್ಯೂಟರನ್ನು ಆ ಕಡೆ ಈ ಕಡೆ ತಿರುಗಿಸಿ ಕಿವಿಯಲ್ಲೇ ಹಿಡಿಯುವ ಅವನ ವಿದ್ಯೆಗೆ ಇಲ್ಲಿ ಜಾಗವಿಲ್ಲ.

ಮೊದಲ ಕೆಲಸ ನಿಜವಾದ ಟಿಡಿಸಿ ಹುಡುಕುವುದು. ಪ್ಲಗ್ ತೂತಿನಲ್ಲಿ ಸ್ಕ್ರೂಡ್ರೈವರ್ ಇಟ್ಟು ಪಿಸ್ಟನ್ ಮೇಲೆ ಬಂತಾ ಅಂತ ನೋಡುವ ಪದ್ಧತಿ ಇದಕ್ಕೆ ಸಾಲದು, ಏಕೆಂದರೆ ತುದಿಯ ಹತ್ತಿರ ಕ್ರಾಂಕ್ ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ ಅಲುಗಿದ್ದೇ ಗೊತ್ತಾಗುವುದಿಲ್ಲ. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು, ಅದಕ್ಕೆ ತುದಿ ಉರುಟಾದ ಬೋಲ್ಟ್ ಕೂರಿಸಿ ಪಿಸ್ಟನ್ ಸ್ಟಾಪ್ ಮಾಡಿಕೊಳ್ಳಿ. ಬ್ಯಾಟರಿ ಕಳಚಿ, ನಾಲ್ಕೂ ಪ್ಲಗ್ ಬಿಚ್ಚಿ, ಆ ಸ್ಟಾಪನ್ನು ಒಂದನೇ ಸಿಲಿಂಡರಿಗೆ ಹಾಕಿ, ಕ್ರಾಂಕನ್ನು ಸ್ಪಾನರಿನಲ್ಲಿ ನಿಧಾನವಾಗಿ ತಿರುಗಿಸಿ. ಪಿಸ್ಟನ್ ತಡೆದು ನಿಂತಲ್ಲಿ ಪುಲ್ಲಿಗೆ ಒಂದು ಗೆರೆ. ಹಿಂದಕ್ಕೆ ತಿರುಗಿಸಿ, ತಡೆದಲ್ಲಿ ಇನ್ನೊಂದು ಗೆರೆ. ಎರಡರ ನಟ್ಟನಡುವೆ ಟಿಡಿಸಿ. ಸ್ಟಾರ್ಟರ್ ಮೋಟರ್ ಹೊಡೆದು ಈ ಕೆಲಸ ಮಾಡಿದರೆ ಪಿಸ್ಟನ್ನಿಗೆ ತೂತು ಖಂಡಿತ. ಕಂಪನಿ ಹಾಕಿದ ಗುರುತನ್ನೂ ಹೀಗೇ ಪರೀಕ್ಷಿಸಿ. ನಡುವೆ ರಬ್ಬರ್ ಇರುವ ಪುಲ್ಲಿಯಾದರೆ ವರ್ಷ ಕಳೆದಂತೆ ಹೊರಬಳೆ ಜಾರಿ ಗುರುತೇ ಸುಳ್ಳಾಗಿರಬಹುದು.

ಡಿಗ್ರಿ ಗೆರೆಗಳನ್ನು ಸುತ್ತಳತೆಯ ಲೆಕ್ಕದಲ್ಲಿ ಹಾಕಿಕೊಳ್ಳಬಹುದು. ಪುಲ್ಲಿಯ ಅಡ್ಡಳತೆ 140 ಮಿ.ಮೀ. ಇದ್ದರೆ ಸುತ್ತಳತೆ 440 ಮಿ.ಮೀ. ಆಸುಪಾಸು, 10 ಡಿಗ್ರಿಗೆ 12.2 ಮಿ.ಮೀ. ಗೆರೆ 1 ಮಿ.ಮೀ. ಆಚೀಚೆ ಹೋದರೆ 0.8 ಡಿಗ್ರಿ ಹೋಯಿತು. ಪೆನ್ಸಿಲ್ ಚೂಪಾಗಿರಲಿ, ಗೆರೆ ತೆಳ್ಳಗಿರಲಿ, ಮೇಲೆ ಬಿಳಿ ಪೇಂಟ್.

ಆಮೇಲೆ ಸಾಫ್ಟ್‌ವೇರಿನಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಲಾಕ್ ಮಾಡಿ. ಎಂಜಿನ್ ಬಿಸಿಯಾಗಲಿ. ಲೈಟ್ ಹಿಡಿದಾಗ ಪುಲ್ಲಿಯಲ್ಲಿ 14 ಕಂಡರೆ ಮುಟ್ಟಬೇಕಾದ್ದು ಮ್ಯಾಪನ್ನಲ್ಲ, ಟ್ರಿಗರ್ ಕೋನವನ್ನು. 10ರ ಗೆರೆ ಬಂದು ನಿಲ್ಲುವವರೆಗೆ ಅದನ್ನೇ ಬದಲಿಸಿ. ಗುರುತು ನಿಂತಿತು ಅಂತ ಲೈಟ್ ಆರಿಸಬೇಡಿ; 3000 ಆರ್‌ಪಿಎಂಗೆ ಏರಿಸಿ ನೋಡಿ, ಗೆರೆ ಅಲ್ಲೇ ಇರಬೇಕು. ಆ ವೇಗದಲ್ಲಿ ಕ್ರಾಂಕ್ ಸೆಕೆಂಡಿಗೆ 18,000 ಡಿಗ್ರಿ ತಿರುಗುತ್ತದೆ, 50 ಮೈಕ್ರೋಸೆಕೆಂಡ್ ತಡವಾದರೂ ಸುಮಾರು 1 ಡಿಗ್ರಿ ಹಿಂದೆ. ಅಷ್ಟು ಜಾರಿಕೆಯನ್ನು ಇಸಿಯುವಿನ ವಿಳಂಬ ಸರಿದೂಗಿಸುವ ಸೆಟ್ಟಿಂಗ್ ನೋಡಿಕೊಳ್ಳುತ್ತದೆ. ಗೆರೆ ವಿಪರೀತ ಓಡಾಡಿದರೆ ಅಥವಾ ವೇಗಕ್ಕೆ ತಕ್ಕಂತೆ ಸರಿಯುತ್ತಾ ಹೋದರೆ ವಿಆರ್ ಸೆನ್ಸರಿನ ಎರಡು ವೈರ್ ಅದಲುಬದಲಾಗಿವೆಯಾ ನೋಡಿ. ನನ್ನ ಕಿಟ್‌ನ ಕೈಪಿಡಿಯಲ್ಲಿ ವೈರಿನ ಬಣ್ಣವೇ ಬೇರೆ, ಪೊಟ್ಟಣದಲ್ಲಿ ಬಂದ ಬಣ್ಣವೇ ಬೇರೆ. ಇಂಥದ್ದಕ್ಕೆ ಕ್ಷಮೆಯಿಲ್ಲ.

ಲೈಟಿನ ಬಗ್ಗೆ ಒಂದು ಮಾತು. ಇದು ವೇಸ್ಟೆಡ್ ಸ್ಪಾರ್ಕ್: 1 ಮತ್ತು 4 ಒಟ್ಟಿಗೆ, 2 ಮತ್ತು 3 ಒಟ್ಟಿಗೆ, ಪ್ರತಿ ಸುತ್ತಿಗೂ ಕಿಡಿ, ಜೋಡಿಯಲ್ಲಿ ಒಂದರದು ಕೆಲಸಕ್ಕೆ, ಇನ್ನೊಂದರದು ವ್ಯರ್ಥ. ಅದಕ್ಕೇ ಒಂದನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿದೆಯಾ ಎಕ್ಸಾಸ್ಟ್‌ನಲ್ಲಿದೆಯಾ ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ, ಕ್ಯಾಮ್ ಸೆನ್ಸರೂ ಬೇಡ. ಆದರೆ ಡಯಲ್ ತಿರುಗಿಸಿ ಡಿಗ್ರಿ ಓದುವ ದುಬಾರಿ ಲೈಟಿಗೆ ಇದು ಗೊತ್ತಿಲ್ಲ. ಎರಡು ಸುತ್ತಿಗೊಂದು ಕಿಡಿ ಅಂತ ಅದು ಲೆಕ್ಕ ಹಾಕುತ್ತದೆ, ಹಾಗಾಗಿ ನಿಜದ 10 ಅದರ ಡಯಲ್ಲಿನಲ್ಲಿ 20 ಆಗುತ್ತದೆ. ಅದನ್ನು ನಂಬಿ 10 ಡಿಗ್ರಿ ಇಳಿಸಿದರೆ ಗಾಡಿಗೆ ಪಿಕಪ್ಪೇ ಇರುವುದಿಲ್ಲ. ಡಯಲ್ಲನ್ನು ಸೊನ್ನೆಯಲ್ಲಿಟ್ಟು ಪುಲ್ಲಿಯ ಗೆರೆ ಓದಿ. ಡಯಲ್ ಇಲ್ಲದ ಸಾದಾ ಲೈಟೇ ವಾಸಿ. ಲೈಟ್ ಮಿನುಗದಿದ್ದರೆ ಕ್ಲಾಂಪ್ ತಿರುಗಿಸಿ ಹಾಕಿ. ಜೋಡಿಯ ಎರಡು ಪ್ಲಗ್ಗಿಗೆ ಕಿಡಿ ಹಾಯುವ ದಿಕ್ಕು ಒಂದಕ್ಕೊಂದು ವಿರುದ್ಧ. ಕೊನೆಗೆ ಲಾಕ್ ತೆಗೆಯಲು ಮರೆಯಬೇಡಿ. ಹಾಸನದ ಗೆಳೆಯರೊಬ್ಬರು ಲಾಕ್ ಹಾಗೇ ಬಿಟ್ಟು ಸಕಲೇಶಪುರದವರೆಗೆ ಓಡಿಸಿ, ಕಿಟ್ ದಂಡ ಅಂತ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದರು.

ಈಗ ನಮ್ಮ ಊರಿನವರಿಗೇ ಸಂಬಂಧಿಸಿದ ವಿಷಯ. ಇಸಿಯು ಅಡ್ವಾನ್ಸ್ (ಕಿಡಿ ಎಷ್ಟು ಡಿಗ್ರಿ ಮೊದಲು ಅನ್ನುವುದು) ಆರಿಸುವುದು ಆರ್‌ಪಿಎಂ ಮತ್ತು ಮ್ಯಾನಿಫೋಲ್ಡ್ ಒತ್ತಡ ನೋಡಿ. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರ. ಇಲ್ಲಿ ಗಾಳಿಯ ಒತ್ತಡವೇ 89 ಕಿಲೋಪಾಸ್ಕಲ್ ಹತ್ತಿರ. ಆಕ್ಸಿಲರೇಟರ್ ಪೂರ್ತಿ ತುಳಿದರೂ ಅದಕ್ಕಿಂತ ಮೇಲೆ ಹೋಗದು. 1,930 ಮೀಟರಿನ ಮುಳ್ಳಯ್ಯನಗಿರಿ ಕಡೆ ಹತ್ತಿದರೆ 80ಕ್ಕೆ ಇಳಿಯುತ್ತದೆ. ಗಾಳಿ ಕಡಿಮೆ, ನಾಕಿಂಗ್ (ಪೆಟ್ರೋಲ್ ಹದ ತಪ್ಪಿ ಸಿಡಿಯುವುದು) ಭಯವೂ ಕಡಿಮೆ, ಮ್ಯಾಪ್ ತಾನಾಗಿ ಸ್ವಲ್ಪ ಹೆಚ್ಚು ಅಡ್ವಾನ್ಸ್ ಕೊಡುತ್ತದೆ. ಸೀತಾಳಯ್ಯನಗಿರಿ ಏರಿನಲ್ಲಿ ಗಾಡಿಯ ಉಸಿರು ಈಗ ಮೊದಲಿನಂತೆ ಕಟ್ಟುವುದಿಲ್ಲ.

ಇಲ್ಲೇ ಒಂದು ಗುಂಡಿ ಇದೆ. ಊರಲ್ಲೇ ಓಡಿಸಿ ಟ್ಯೂನ್ ಮಾಡಿದ ಮ್ಯಾಪಿನ 100 ಕಿಲೋಪಾಸ್ಕಲ್ ಸಾಲು ಒಮ್ಮೆಯೂ ಬಳಕೆಗೆ ಬಂದಿರುವುದಿಲ್ಲ. ಚಾರ್ಮಾಡಿ ಇಳಿದು, ಸಮುದ್ರಮಟ್ಟಕ್ಕೆ ಹತ್ತಿರದ ಉಜಿರೆಯಲ್ಲಿ ಕೆಲಸ ಮುಗಿಸಿ, ಹೊರೆ ಹೇರಿಕೊಂಡು ವಾಪಸ್ ಘಾಟಿ ಹತ್ತುವಾಗ ಇಸಿಯು ಮೊದಲ ಸಲ ಆ ಸಾಲಿಗೆ ಕೈ ಹಾಕುತ್ತದೆ. ಅಲ್ಲಿ ಅಂಕಿ ಜಾಸ್ತಿ ಇದ್ದರೆ ಕಟಕಟ ಅಂತ ನಾಕಿಂಗ್ ಶುರು, ಅದೂ ಬಿಸಿ ಎಂಜಿನ್ನಿನಲ್ಲಿ, ಪೂರ್ತಿ ಭಾರದಲ್ಲಿ. ಆ ಸಾಲನ್ನು 90ರ ಸಾಲಿಗಿಂತ ಒಂದೆರಡು ಡಿಗ್ರಿ ಕಡಿಮೆ ಇಟ್ಟುಕೊಂಡೇ ಘಾಟಿ ಇಳಿಯಿರಿ, ಕೆಳಗಿನ ಏರಿನಲ್ಲಿ ಕಿವಿಗೊಟ್ಟು ಸರಿ ಮಾಡಿಕೊಳ್ಳಿ. ಬಯಲುಸೀಮೆಯ ಟ್ಯೂನರ್‌ಗಳಿಗೆ ಇದು ಹೊಳೆಯುವುದಿಲ್ಲ.

ಇಷ್ಟು ಕಾಲದ ಬಳಕೆಯಲ್ಲಿ ಮಳೆಯ ಕಾಟ ನಿಂತಿದೆ. ಒರೆಸಲು ಕ್ಯಾಪೇ ಇಲ್ಲ. ಹಲ್ಲುಗಳ ನಡುವೆ ಕೆಸರು ಮೆತ್ತಿದರೂ ಸಿಗ್ನಲ್ ಕೆಡುವುದಿಲ್ಲ, ಕೆಸರು ಕಬ್ಬಿಣವಲ್ಲವಲ್ಲ. ಸೆನ್ಸರಿನ ವೈರ್ ಮಾತ್ರ ಶೀಲ್ಡ್ ಇರುವುದೇ ಬೇಕು, ಪ್ಲಗ್ ವೈರುಗಳಿಂದ ದೂರ ಎಳೆಯಬೇಕು, ಪ್ಲಗ್ ರೆಸಿಸ್ಟರ್ ಇರುವಂಥದ್ದಾಗಿರಬೇಕು. ಇಲ್ಲದಿದ್ದರೆ ಇಸಿಯು ಹಲ್ಲಿನ ಲೆಕ್ಕ ತಪ್ಪಿ ಮಿಸ್ ಹೊಡೆಯುತ್ತದೆ. ತೋಟದ ಶೆಡ್ಡಿನ ಇಲಿಗಳಿಗೆ ಶೀಲ್ಡ್ ವೈರ್ ಬಲು ರುಚಿ ಅಂತಲೂ ತಿಳಿಯಿತು. ಈಗ ಕೊಳವೆಯೊಳಗೆ ಹಾಕಿದ್ದೇನೆ. ಬೇಸರದ ಸಂಗತಿ ಬ್ಯಾಟರಿಯದು. ಮೊದಲು ಬ್ಯಾಟರಿ ಕುಸಿದಿದ್ದರೂ ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡುತ್ತಿದ್ದೆವು. ಈಗ ವೋಲ್ಟೇಜ್ ಬಿದ್ದರೆ ಇಸಿಯುವೇ ಏಳುವುದಿಲ್ಲ.

ಪೆಟ್ರೋಲ್ ಉಳಿಯುತ್ತದೆ ಅಂತ ಕೊಳ್ಳುವವರಿಗೆ ಹೇಳುವುದಾದರೆ, ನನಗೆ ಕಂಡ ವ್ಯತ್ಯಾಸ ಅಲ್ಪ. ತಣ್ಣನೆಯ ಸ್ಟಾರ್ಟ್, ಸಮನಾದ ಐಡಲ್, ಏರಿನ ಎಳೆತ, ಈ ಮೂರಕ್ಕೆ ಬೇಕಾದರೆ ಹಾಕಿಸಿ. ಐದಕ್ಕೆ ನಾಲ್ಕು ಕೊಡುತ್ತೇನೆ, ಒಂದನ್ನು ಆ ಕೈಪಿಡಿಗೆ ಕಳೆದಿದ್ದೇನೆ. ಹತ್ತಿರದ ಯಾವ ಗ್ಯಾರೇಜಿನಲ್ಲೂ ಬಿಡಿಭಾಗ ಸಿಗದ ಕಾರಣ ಡ್ಯಾಶ್‌ಬೋರ್ಡಿನಲ್ಲಿ ಒಂದು ಹೆಚ್ಚುವರಿ ಸೆನ್ಸರ್ ಇರಲಿ, ಕೊನೆಯ ಮ್ಯಾಪಿನ ಪ್ರತಿ ಪೆನ್‌ಡ್ರೈವಿನಲ್ಲಿರಲಿ. ಬಿಚ್ಚಿದ ಡಿಸ್ಟ್ರಿಬ್ಯೂಟರನ್ನು ಗುಜರಿಗೆ ಹಾಕಬೇಡಿ. ಎಣ್ಣೆ ಸವರಿ ಕಟ್ಟಿಡಿ. ಕಾಫಿ ಕೊಯ್ಲಿನ ನಡುವೆ ಇಸಿಯು ಕೈಕೊಟ್ಟರೆ ಅರ್ಧ ದಿನದಲ್ಲಿ ಅದನ್ನೇ ಮತ್ತೆ ಕೂರಿಸಿ ಗಾಡಿ ಓಡಿಸಬಹುದು.