ಇದ್ದಿಲ ಒಲೆಗೆ ಯಾವ ಇದ್ದಿಲು? ಮೂಟೆಯದ್ದು, ಅಚ್ಚಿನದ್ದು, ಕರಟದ್ದು ಮೂರನ್ನೂ ಉರಿಸಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕರಟದ ಇದ್ದಿಲಿಗೆ. ಹೋದ ಮಳೆಗಾಲದಲ್ಲಿ ಒಂದು ಮೂಟೆ ಇದ್ದಿಲು ತಂದು ಮೂರು ವಾರ ಒದ್ದಾಡಿದ ಮೇಲೆ ಈ ತೀರ್ಮಾನಕ್ಕೆ ಬಂದೆ. ಹಾಗಾಗಿ ಮೂರಕ್ಕೂ ಸಮನಾಗಿ ಅಂಕ ಕೊಡೋದು ನನ್ನಿಂದ ಆಗಲ್ಲ.

ನಮ್ಮದು ತಿಪಟೂರು ಕಡೆಯ ಹಳ್ಳಿ. ಮನೇಲಿ ಗ್ಯಾಸ್ ಇದೆ, ಬೆಳಗಿನ ಅಡುಗೆಯೆಲ್ಲ ಅದರ ಮೇಲೇ. ಸಂಜೆ ಮಾತ್ರ ಹಿತ್ತಲ ಜಗುಲಿಯಲ್ಲಿ ಇದ್ದಿಲ ಒಲೆ ಹಚ್ಚುತ್ತೇವೆ. ಮೊದಲು ಎಸರು ಕುದಿಸಿ ಮುದ್ದೆ ಅಥವಾ ರಾಗಿ ರೊಟ್ಟಿ. ಆಮೇಲೆ ಕೆಂಡದ ಮೇಲೆ ಬದನೆಕಾಯಿ ಸುಡುವುದು. ಕೊನೆಗೆ ಬೂದಿ ಮುಚ್ಚಿದ ಕೆಂಡದ ಮೇಲೆ ಹಾಲಿನ ಪಾತ್ರೆ, ಅದು ಸಣ್ಣಗೆ ಕಾಯ್ದು ಬೆರಳು ದಪ್ಪ ಕೆನೆ ಕಟ್ಟುವವರೆಗೆ. ಇಷ್ಟಕ್ಕೆ ಎರಡು ಗಂಟೆ ಬೆಂಕಿ ನಿಲ್ಲಬೇಕು. ನಡುವೆ ಆರಬಾರದು, ಅಮ್ಮ ಬಗ್ಗಿ ಬಗ್ಗಿ ಊದುವ ಹಾಗೆ ಆಗಬಾರದು. ಅಮ್ಮನಿಗೆ ಎಪ್ಪತ್ತು ದಾಟಿದೆ, ಊದುಗೊಳವೆ ಹಿಡಿದು ಕೂತರೆ ಕೆಮ್ಮು ಶುರು.

ಒಲೆ ಸಂತೆಯಲ್ಲಿ ಸಿಗುವಂಥದ್ದೇ. ತಗಡಿನ ಬಕೆಟ್ಟು, ಒಳಗೆ ಮಣ್ಣು ಮೆತ್ತಿದ್ದಾರೆ, ನಡುವೆ ಕಬ್ಬಿಣದ ಜಾಲರಿ, ಕೆಳಗೆ ಬೂದಿ ತೆಗೆಯುವ ಬಾಯಿ. ಒಲೆ ಬದಲಾಯಿಸಲಿಲ್ಲ, ಬದಲಾದದ್ದು ಇದ್ದಿಲು ಮಾತ್ರ.

ಈಗ ಆ ಮೂಟೆಯ ಕತೆ.

ಪೇಟೆಯ ಅಂಗಡಿಯಲ್ಲಿ ತಂದದ್ದು, 20 ಕೆಜಿಗೆ 900 ರೂಪಾಯಿ. ಬಳ್ಳಾರಿ ಜಾಲಿ ಇದ್ದಿಲು ಅಂದರು. ಜಾಲಿ ಅಂದರೆ ನನಗೆ ಖುಷಿಯೇ, ಗಟ್ಟಿ ಮರ, ಚೆನ್ನಾಗಿ ಸುಟ್ಟಿದ್ದರೆ ಕಾವು ಜೋರು. ಮೊದಲ ದಿನ ಹಚ್ಚಿದಾಗ ಹತ್ತು ನಿಮಿಷ ಚೆನ್ನಾಗಿಯೇ ಇತ್ತು. ಆಮೇಲೆ ಹೊಗೆ ಬಂತು. ಇದ್ದಿಲಿಗೆ ಯಾಕೆ ಹೊಗೆ ಅಂತ ಬೀಸಣಿಗೆ ತಗೊಂಡು ಬೀಸಿದರೆ ಚಟಪಟ ಅಂತ ಕಿಡಿ ಸಿಡಿಯೋಕೆ ಶುರುವಾಯಿತು, ಒಂದು ಕಿಡಿ ಹೋಗಿ ಅಮ್ಮನ ಸೆರಗಿನ ಮೇಲೆ ಬಿತ್ತು, ತಟ್ಟಿ ಆರಿಸುವಷ್ಟರಲ್ಲಿ ಕಡಲೆ ಗಾತ್ರದ ತೂತು. ಬೀಸುವುದು ನಿಲ್ಲಿಸಿದೆ. ಐದು ನಿಮಿಷಕ್ಕೆ ಮೇಲಿನ ಕೆಂಡ ಕಪ್ಪಾಯಿತು. ಎಸರು ಇನ್ನೂ ಕುದಿ ಬಂದಿರಲಿಲ್ಲ. ಅವತ್ತು ಮುದ್ದೆ ಗ್ಯಾಸ್ ಮೇಲೆಯೇ ಆಯಿತು.

ಎರಡನೇ ದಿನವೂ ಹೀಗೇ, ಮೂರನೇ ದಿನವೂ ಹೀಗೇ. ಬೆಂಕಿ ಇಳಿದಾಗೆಲ್ಲ ನಾನು ಮೇಲೆ ಇನ್ನೊಂದು ಹಿಡಿ ಇದ್ದಿಲು ಹಾಕುತ್ತಿದ್ದೆ, ಅದು ಇನ್ನೂ ಬೇಗ ಆರುತ್ತಿತ್ತು. ನಾಲ್ಕನೇ ದಿನ ಕತ್ತಲಾದ ಮೇಲೆ ನೆಲಕ್ಕೆ ಕೆನ್ನೆ ಹಚ್ಚಿ ಒಲೆಯ ಕೆಳಗಿನ ಬಾಯಿಯಿಂದ ಮೇಲೆ ನೋಡಿದೆ. ಒಲೆ ಸರಿಯಾಗಿ ಉರಿಯುತ್ತಿದ್ದರೆ ಜಾಲರಿಯ ಸಂದಿ ಸಂದಿಯಲ್ಲೂ ಕೆಂಪು ಕಾಣಬೇಕು. ನನಗೆ ಕಂಡದ್ದು ಎರಡೇ ಎರಡು ಕೆಂಪು ಚುಕ್ಕಿ. ಉಳಿದದ್ದೆಲ್ಲ ಕಪ್ಪು. ಕಡ್ಡಿಯಿಂದ ಕೆದಕಿದರೆ ಹಿಟ್ಟಿನ ಹಾಗೆ ಇದ್ದಿಲ ಪುಡಿ ಸುರಿಯಿತು. ಸಂದಿಗಳಲ್ಲಿ ಅದು ಬೂದಿ ಜೊತೆ ಸೇರಿ ಗಾರೆ ಮೆತ್ತಿದ ಹಾಗೆ ಕೂತಿತ್ತು.

ಆಗ ಗೊತ್ತಾಯಿತು. ಒಲೆಯಲ್ಲಿ ಇದ್ದಿಲು ಬೇಕಾದಷ್ಟಿತ್ತು, ಇಲ್ಲದಿದ್ದದ್ದು ಗಾಳಿ. ಇದ್ದಿಲ ಒಲೆಗೆ ಗಾಳಿ ಬರಬೇಕಾದದ್ದು ಕೆಳಗಿನಿಂದ, ಜಾಲರಿಯ ಸಂದಿಯಲ್ಲಿ ನುಗ್ಗಿ, ತುಂಡು ತುಂಡಿನ ನಡುವೆ ಹಾಯ್ದು ಮೇಲೆ ಹೋಗಬೇಕು. ಪುಡಿ ಆ ದಾರಿಯನ್ನೇ ಮುಚ್ಚುತ್ತದೆ. ಮೇಲಿಂದ ಎಷ್ಟು ಊದಿದರೂ ಮೇಲಿನ ಎರಡು ತುಂಡು ಕೆಂಪಗಾಗುತ್ತದೆ ಅಷ್ಟೇ, ತಳಕ್ಕೆ ಉಸಿರಿಲ್ಲ. ನಾನು ಹಿಡಿ ಹಿಡಿ ಹಾಕಿದ್ದೆನಲ್ಲ, ಅದರಲ್ಲಿದ್ದ ಪುಡಿಯೂ ಕೆಳಗಿಳಿದು ಇನ್ನಷ್ಟು ಮುಚ್ಚಿತ್ತು.

ಮರುದಿನ ಇಡೀ ಮೂಟೆಯನ್ನು ಅಂಗಳಕ್ಕೆ ಸುರಿದು ಜರಡಿ ಹಿಡಿದೆ. 20 ಕೆಜಿಯಲ್ಲಿ 4 ಕೆಜಿ ಬರೀ ಪುಡಿ. ಮೂಟೆಯ ತಳದ ತುಂಡುಗಳು ಕೈಗೆ ತಣ್ಣಗೆ ತಗಲಿದವು. ಅಮ್ಮ ಒಂದನ್ನು ಕೆನ್ನೆಗೆ ಒತ್ತಿ ನೋಡಿ "ಇದು ಹಸಿ ಕಣೋ, ನೀರು ಕುಡಿದಿದೆ" ಅಂದಳು. ತೂಕದ ತಕ್ಕಡಿಯಲ್ಲಿ 2 ಕೆಜಿ ಇಟ್ಟು ನೋಡಿ, ಮೂರು ದಿನ ಬಿಸಿಲಿಗೆ ಹರಡಿ ಮತ್ತೆ ತೂಗಿದೆ. 1 ಕೆಜಿ 650 ಗ್ರಾಂ. ಅಂದರೆ 2 ಕೆಜಿಯಲ್ಲಿ 350 ಗ್ರಾಂ ನೀರು. ಪುಡಿ ಕಳೆದು, ನೀರು ಕಳೆದು ಲೆಕ್ಕ ಹಾಕಿದರೆ 20 ಕೆಜಿ ಮೂಟೆಯಲ್ಲಿ ಉರಿಸಲು ಸಿಕ್ಕಿದ್ದು 13 ಕೆಜಿ ಚಿಲ್ಲರೆ. ಕೆಜಿಗೆ 45 ಅಂತ ಕೊಟ್ಟದ್ದು 68 ರೂಪಾಯಿ ಬಿತ್ತು. ಕಿಡಿ ಸಿಡಿದದ್ದೂ ಆ ನೀರಿನಿಂದಲೇ. ಒಳಗಿನ ನೀರು ಕಾವಿಗೆ ಆವಿಯಾಗಿ ಹೊರಬರಲು ದಾರಿ ಇಲ್ಲದೆ ತುಂಡನ್ನೇ ಒಡೆಯುತ್ತದೆ.

ಹೊಗೆಗೆ ಇನ್ನೊಂದು ಕಾರಣ, ಅರೆಬೆಂದ ತುಂಡು. ಮುರಿದು ನೋಡಿದರೆ ಹೊರಗೆ ಕಪ್ಪು, ಒಳಗೆ ಕಂದು ಬಣ್ಣದ ಮರ ಹಾಗೇ ಇತ್ತು. ಅದು ಇದ್ದಿಲೇ ಅಲ್ಲ, ಕಪ್ಪು ಬಳಿದ ಸೌದೆ. ಇಷ್ಟು ಕಲಿತ ಮೇಲೆ ಈಗ ಅಂಗಡಿಯಲ್ಲಿ ಮೂಟೆಯ ಬಾಯಿ ಬಿಚ್ಚಿಸದೆ ತಗೊಳ್ಳಲ್ಲ. ಎರಡು ತುಂಡು ಒಂದಕ್ಕೊಂದು ತಟ್ಟಿ ನೋಡಿ, ಚೆನ್ನಾಗಿ ಬೆಂದಿದ್ದರೆ ಟಣ್ ಅಂತ ಗಾಜಿನ ಹಾಗೆ ಸದ್ದು ಬರುತ್ತದೆ, ಹಸಿಯಾದರೆ ಡಬ್ ಅನ್ನುತ್ತದೆ. ಮುರಿದರೆ ಒಳಗೂ ಹೊಳೆಯುವ ಕಪ್ಪು ಇರಬೇಕು. ಮೂಟೆಯ ತಳಕ್ಕೆ ಕೈ ಹಾಕಿ ಒಂದು ಹಿಡಿ ತೆಗೆಸಿ, ಪುಡಿ ಇರುವುದೂ ಹಸಿ ಇರುವುದೂ ಅಲ್ಲೇ.

ಜರಡಿ ಹಿಡಿದು ಒಣಗಿಸಿದ ಮೇಲೆ ಅದೇ ಇದ್ದಿಲು ಒಂದೂವರೆ ಗಂಟೆ ಚೆನ್ನಾಗಿಯೇ ಉರಿಯಿತು, ಅದನ್ನೂ ಹೇಳಬೇಕು. ಜಾಲಿಯಲ್ಲಿ ತಪ್ಪಿಲ್ಲ.

ಈ ಗೋಳಿನ ನಡುವೆ ಬೆಂಗಳೂರಿನಲ್ಲಿರುವ ಅಕ್ಕ ಆನ್‌ಲೈನಿನಲ್ಲಿ ಅಚ್ಚಿನ ಇದ್ದಿಲು ತರಿಸಿ ಕಳಿಸಿದಳು, 5 ಕೆಜಿಗೆ 550 ರೂಪಾಯಿ. ಇದ್ದಿಲ ಪುಡಿಗೆ ಗಂಜಿಯಂಥ ಅಂಟು ಸೇರಿಸಿ ಅಚ್ಚಿಗೆ ಒತ್ತಿ ಒಣಗಿಸಿದ್ದು, ನೋಡೋಕೆ ಅಂದವಾಗಿದೆ, ಎಲ್ಲ ಒಂದೇ ಗಾತ್ರ, ಕೈಗೆ ಕಪ್ಪು ಹತ್ತೋದೂ ಕಮ್ಮಿ. ಕಿಡಿ ಇಲ್ಲವೇ ಇಲ್ಲ. ಎರಡೂವರೆ ಗಂಟೆ ಕೆಂಡ ಇತ್ತು. ಆದರೆ ಕಾವು ಏರಲು ಅರ್ಧ ಗಂಟೆ ಬೇಕು, ಏರಿದ ಮೇಲೂ ಎಸರಿಗೆ ಸಾಲುವಷ್ಟು ಜೋರಿಲ್ಲ. ಬೂದಿ ಮಾತ್ರ ಸಿಕ್ಕಾಪಟ್ಟೆ. ಒಂದೊಂದು ಅಚ್ಚೂ ತನ್ನ ಮೈಮೇಲೇ ದಪ್ಪ ಬೂದಿ ಹೊದ್ದುಕೊಂಡು ಕೂರುತ್ತದೆ, ಕೊಡವೋಣ ಅಂತ ಇಕ್ಕಳದಲ್ಲಿ ತಟ್ಟಿದರೆ ಅಚ್ಚೇ ಒಡೆದು ಮತ್ತೆ ಪುಡಿ. ಹಾಲಿಗೆ ಮಾತ್ರ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕೆಜಿಗೆ 110 ಕೊಟ್ಟು ಹಾಲು ಕಾಯಿಸೋದು ನಮ್ಮಂಥವರಿಗೆ ಕಷ್ಟ ಅಲ್ವಾ?

ಇನ್ನು ಕರಟ. ಅಟ್ಟದ ಮೇಲೇ ಇತ್ತು ಇದು, ನಾನು ನೋಡಿರಲಿಲ್ಲ.

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡುವವರಿಗೆ ಗೊತ್ತು, ಕಾಯನ್ನು ಅಟ್ಟದ ಮೇಲೆ ಹತ್ತಿರ ಹತ್ತಿರ ವರ್ಷ ಇಡುತ್ತೇವೆ. ಒಳಗಿನ ನೀರು ಪೂರ್ತಿ ಇಂಗಿ ಕೊಬ್ಬರಿ ಗಿಟುಕು ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಅನ್ನುವವರೆಗೆ. ಆಮೇಲೆ ಒಡೆದು ಕೊಬ್ಬರಿ ತೆಗೆದರೆ ಉಳಿಯುವ ಚಿಪ್ಪು ಎಷ್ಟು ಒಣಗಿರುತ್ತದೆ ನೋಡಿ. ಹಸಿ ಕಾಯಿಯ ಕರಟಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಹಾಗಂತ ಚಿಪ್ಪು ಬಿಟ್ಟಿ ಅಲ್ಲ. ನೀರಿನ ಫಿಲ್ಟರಿನ ಒಳಗೆ ಹಾಕುವ ಇದ್ದಿಲು ಮಾಡೋಕೆ ಕರಟ ಬಳಸುತ್ತಾರೆ, ಅದಕ್ಕೇ ಲಾರಿಯವರು ಬಂದು ತೂಕ ಹಾಕಿ ಒಯ್ಯುತ್ತಾರೆ. ನಮ್ಮ ಮನೆಯ ಖರ್ಚಿಗೆ ಬೇಕಾದಷ್ಟು ಎತ್ತಿಟ್ಟುಕೊಂಡೆ.

ಇದ್ದಿಲು ಮಾಡಿದ್ದು ಹಳೇ ಡ್ರಮ್ಮಿನಲ್ಲಿ. ಅಡಿಗೆ ಎರಡು ಹಿಡಿ ತೆಂಗಿನ ನಾರು, ಅದರ ಮೇಲೆ ಒಂದು ಬುಟ್ಟಿ ಚಿಪ್ಪು, ಬೆಂಕಿ. ಅದು ಹತ್ತಿಕೊಂಡ ಮೇಲೆ ಇನ್ನೊಂದು ಬುಟ್ಟಿ, ಹೀಗೆ ಡ್ರಮ್ ತುಂಬುವವರೆಗೆ. ಮೊದಲು ದಟ್ಟ ಬಿಳಿ ಹೊಗೆ ಬರುತ್ತದೆ, ಬಟ್ಟೆ ಒಣಹಾಕಿದವರು ಬೈತಾರೆ, ಅದಕ್ಕೆ ತೋಟದಲ್ಲಿ ಮಾಡಿ. ಹೊಗೆ ತೆಳುವಾಗುತ್ತಲೇ ಮುಚ್ಚಳ ಮುಚ್ಚಿ ಸುತ್ತ ಹಸಿ ಮಣ್ಣು ಮೆತ್ತಬೇಕು. ಒಂದು ಬಿರುಕು ಬಿಟ್ಟರೂ ಗಾಳಿ ಹೋಗಿ ಬೆಳಗಾಗುವಷ್ಟರಲ್ಲಿ ಎಲ್ಲ ಬೂದಿ. ಮರುದಿನ ಡ್ರಮ್ಮಿಗೆ ಕೈ ಇಟ್ಟು ಪೂರ್ತಿ ತಣ್ಣಗಾಗಿದೆ ಅಂತ ಗೊತ್ತಾದ ಮೇಲೇ ತೆಗೆಯಿರಿ, ಬಿಸಿ ಇದ್ದಾಗ ತೆಗೆದರೆ ಮತ್ತೆ ಹೊತ್ತಿಕೊಳ್ಳುತ್ತದೆ. ನನಗೆ ನಾಲ್ಕು ಕೆಜಿ ಚಿಪ್ಪಿಗೆ ಒಂದು ಕೆಜಿ ಇದ್ದಿಲು ಸಿಕ್ಕಿತು.

ಉರಿಸಿದ ಮೊದಲ ಸಂಜೆಯೇ ಕೆಳಗಿನ ಬಾಯಿಯಿಂದ ಬಗ್ಗಿ ನೋಡಿದೆ. ಜಾಲರಿ ಉದ್ದಕ್ಕೂ ಕೆಂಪು, ನಿಗಿನಿಗಿ. ಒಂದು ಕಿಡಿ ಸಿಡಿಯಲಿಲ್ಲ, ಹೊಗೆ ಇಲ್ಲ. ಎಸರು ಕುದಿ ಬಂದದ್ದು ಅಮ್ಮ ರಾಗಿ ಹಿಟ್ಟು ಅಳೆದು ತರುವುದರೊಳಗೆ. ಬದನೆಕಾಯಿಯ ಸಿಪ್ಪೆ ಒಂದೇ ಸಮ ಸುಟ್ಟು ಕೈಯಲ್ಲಿ ಎಳೆದರೆ ಇಡಿಯಾಗಿ ಬಂತು. ಒಂದು ಸಂಜೆಗೆ 700 ಗ್ರಾಂ ಇದ್ದಿಲು, ಮರುದಿನ ತೆಗೆದ ಬೂದಿ ಒಂದು ಹಿಡಿ.

ಇದರಲ್ಲೂ ಒಂದು ತೊಂದರೆ ಇದೆ. ಕರಟ ಬಟ್ಟಲಿನ ಹಾಗೆ ಬಾಗಿರುತ್ತದಲ್ಲ, ದೊಡ್ಡ ಹೋಳು ಹಾಕಿದರೆ ಒಂದರೊಳಗೊಂದು ಕೂತು ಗಾಳಿಗೆ ಅಡ್ಡ ಬರುತ್ತದೆ. ಎರಡು ಬೆರಳು ಅಗಲಕ್ಕೆ ಒಡೆದು ಹಾಕಿದರೆ ಸರಿ. ಒಡೆಯುವಾಗ ಅಂಚು ಚೂಪು, ಹುಷಾರು. ಮತ್ತೆ ಕಾವು ಜಾಸ್ತಿಯಾದ್ದರಿಂದ ಹಾಲಿನ ಹೊತ್ತಿಗೆ ಕೆಳಗಿನ ಬಾಯಿಗೆ ಒಂದು ಹೆಂಚಿನ ಚೂರು ಅಡ್ಡ ಇಟ್ಟು ಗಾಳಿ ಕಮ್ಮಿ ಮಾಡುತ್ತೇವೆ, ಮೇಲೆ ಒಂದು ಹಿಡಿ ಬೂದಿ.

ಹಚ್ಚುವುದು ಮೂರಕ್ಕೂ ಒಂದೇ ಥರ. ಜಾಲರಿ ಕೊಡವಿ, ಬೂದಿ ಪೂರ್ತಿ ತೆಗೆದು, ದಪ್ಪ ತುಂಡು ಕೆಳಗೆ, ಸಣ್ಣವು ಮೇಲೆ. ನಡುವೆ ನಾರಿನ ಉಂಡೆ, ಅದಕ್ಕೆ ಎರಡು ಹನಿ ಹೊಂಗೆ ಎಣ್ಣೆ. ಸೀಮೆಎಣ್ಣೆ ಬೇಡ, ರೊಟ್ಟಿಗೆ ವಾಸನೆ ಹತ್ತುತ್ತದೆ. ಹತ್ತಿಕೊಂಡ ಮೇಲೆ ಸುಮ್ನೆ ಬಿಡಿ, ಗಳಿಗೆಗೊಮ್ಮೆ ಕೆದಕಬೇಡಿ. ಬೀಸುವುದಾದರೆ ಕೆಳಗಿನ ಬಾಯಿಗೆ ಬೀಸಿ. ಹೊಸ ಇದ್ದಿಲನ್ನು ಕೆಂಡ ಅರ್ಧ ಇರುವಾಗಲೇ ಹಾಕಿ, ಆರುವವರೆಗೆ ಕಾಯಬೇಡಿ.

ಒಂದು ವಿಷಯದಲ್ಲಿ ಮಾತ್ರ ಮೂರೂ ಒಂದೇ, ಇದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಪುಷ್ಯದ ಚಳಿಯಲ್ಲಿ ಅಮ್ಮ ಒಲೆಯನ್ನು ಮಲಗುವ ಕೋಣೆಗೆ ತಂದಿಡು ಅಂದಳು, ಹೊಗೆ ಇಲ್ಲವಲ್ಲ ಅಂತ. ನಾನು ಒಪ್ಪಲಿಲ್ಲ. ಹೊಸದಾಗಿ ಇದ್ದಿಲು ಹಾಕಿದಾಗ ಮೇಲೆ ತೆಳುವಾದ ನೀಲಿ ಜ್ವಾಲೆ ಕುಣಿಯುತ್ತದಲ್ಲ, ಅದು ಕಾರ್ಬನ್ ಮಾನಾಕ್ಸೈಡ್ ಉರಿಯುವುದು. ಜ್ವಾಲೆ ಇಲ್ಲದಾಗ ಅದೇ ಅನಿಲ ಉರಿಯದೆ ಹೊರಗೆ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕ ಅಂಟುವುದಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಇದು ಅಂಟುತ್ತದೆ. ತಲೆನೋವು, ಮಂಪರು, ನಿದ್ದೆ, ಆ ನಿದ್ದೆಯಿಂದ ಏಳದೆ ಹೋದವರಿದ್ದಾರೆ. ಬಾಣಂತಿ ಕೋಣೆಗೆ ಕೆಂಡ ಇಡುವ ರೂಢಿ ಇನ್ನೂ ಎಷ್ಟೋ ಮನೆಯಲ್ಲಿದೆ, ಕಿಟಕಿ ಬಾಗಿಲು ಮುಚ್ಚಿ ಇಡಲೇಬೇಡಿ. ಬೂದಿ ಮುಚ್ಚಿದ ಕೆಂಡವೂ ಅಷ್ಟೇ ಅಪಾಯ. ಅಮ್ಮನಿಗೆ ಬಿಸಿನೀರಿನ ಚೀಲ ತಂದುಕೊಟ್ಟೆ.

ನಿಮಗೆ ಯಾವುದು ಅಂದರೆ, ತೆಂಗಿನ ಸೀಮೆಯಲ್ಲಿದ್ದು ದಿನಾ ಒಲೆ ಹಚ್ಚುವವರಾದರೆ ಕರಟ ಬಿಟ್ಟು ಬೇರೆ ನೋಡಬೇಡಿ. ಡ್ರಮ್ಮು, ಜಾಗ ಇಲ್ಲದಿದ್ದರೆ ಸುಟ್ಟ ಕರಟದ ಇದ್ದಿಲೇ ಕೆಜಿ ಲೆಕ್ಕದಲ್ಲಿ ಸಿಕ್ಕರೆ ತಗೊಳ್ಳಿ, 70 ರೂಪಾಯಿವರೆಗೂ ನಾನು ಕೊಟ್ಟೇನು. ಪೇಟೆಯವರು, ತಿಂಗಳಿಗೊಮ್ಮೆ ತಾರಸಿ ಮೇಲೆ ಜೋಳ, ಕೋಳಿ ಸುಡುವವರಿಗೆ ಅಚ್ಚಿನದ್ದು ಸಾಕು, ಆತುರ ಇಲ್ಲದಿದ್ದರೆ. ಮೂಟೆ ಇದ್ದಿಲು ಬೇಸಿಗೆಯಲ್ಲಿ ತಂದು ಜರಡಿ ಹಿಡಿದು ಒಣಗಿಸಿ ಇಟ್ಟುಕೊಳ್ಳುವ ತಾಳ್ಮೆ ಇದ್ದವರಿಗೆ. ಮಳೆಗಾಲದಲ್ಲಿ ಕೊಳ್ಳಲೇಬೇಡಿ.

ಆ 4 ಕೆಜಿ ಪುಡಿ ಎಸೆಯಲಿಲ್ಲ. ಅಮ್ಮ ಅದಕ್ಕೆ ಸಗಣಿ ಕಲಸಿ ನಿಂಬೆ ಗಾತ್ರದ ಉಂಡೆ ಕಟ್ಟಿ ಹೆಂಚಿನ ಮೇಲೆ ಸಾಲಾಗಿ ಒಣಗಲು ಇಟ್ಟಿದ್ದಾಳೆ. ಅವು ಬಚ್ಚಲ ಹಂಡೆ ಒಲೆಗೆ.