ಆನ್‌ಲೈನ್ ಕೋರ್ಸೋ, ಕೈಯಾರೆ ಕಲಿಯುವ ಶಿಬಿರವೋ? ದಾವಣಗೆರೆಯ ಜಿಮ್ ಟ್ರೇನರ್‌ಗಳಿಗೆ

ಎಸಿಇ (ಅಮೆರಿಕನ್ ಕೌನ್ಸಿಲ್ ಆನ್ ಎಕ್ಸರ್‌ಸೈಸ್) ಸಂಸ್ಥೆಯ ಟ್ರೇನರ್ ಸರ್ಟಿಫಿಕೇಟ್ ಇದ್ದವರು ಅದನ್ನು ಉಳಿಸಿಕೊಳ್ಳಲು 2 ವರ್ಷಕ್ಕೊಮ್ಮೆ 20 ಗಂಟೆಯ ಹೊಸ ಕಲಿಕೆ ತೋರಿಸಬೇಕು. ಆ ಗಂಟೆಗಳನ್ನು ಎಲ್ಲಿ ಕಳೆಯುವುದು?

ಆನ್‌ಲೈನ್‌ನ ಅನುಕೂಲ ಸಮಯ. ವಿದ್ಯಾನಗರದಲ್ಲಿ ಬೆಳಗಿನ ಬ್ಯಾಚ್ ಮುಗಿಸಿದವರು ಮಧ್ಯಾಹ್ನ ಓದಿಕೊಳ್ಳಬಹುದು. ಕಾಯಿಲೆಗಳ ವಿಷಯಕ್ಕಂತೂ ಇದೇ ಮೇಲು. ಬಿಪಿಗೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರ ಎದೆಬಡಿತ ಎಷ್ಟು ದಣಿದರೂ ಅಷ್ಟಾಗಿ ಏರುವುದಿಲ್ಲ. ವಾಚ್ ನೋಡಿ ‘ಇನ್ನೂ ಜೋರಾಗಿ ಸರ್’ ಅಂದರೆ ಅಪಾಯ. ಏದುಸಿರಿಲ್ಲದೆ ಮಾತಾಡುತ್ತಾರಾ ಅಂತ ನೋಡಬೇಕು. ಇಂಥದ್ದು ಎರಡೆರಡು ಸಲ ಓದಿದರೇ ತಲೆಗೆ ಹತ್ತುವುದು.

ಆದರೆ ಸ್ಕ್ವಾಟ್ ಮಾಡುವಾಗ ಮಂಡಿ ಒಳಕ್ಕೆ ವಾಲುತ್ತಿದ್ದರೆ? ಸೊಂಟದ ಸ್ನಾಯು ಸೋತಿದೆಯೋ, ಪಾದದ ಗಂಟು ಬಿಗಿಯೋ, ತೂಕವೇ ಹೆಚ್ಚಾಯಿತೋ? ಹಿಮ್ಮಡಿ ಕೆಳಗೆ ಸಣ್ಣ ಪ್ಲೇಟ್ ಇಟ್ಟಾಗ ಮಂಡಿ ನೆಟ್ಟಗಾದರೆ ಅನುಮಾನ ಪಾದದ ಗಂಟಿನ ಮೇಲೆ. ಇದನ್ನು ಎದುರಿಗೆ ನಿಂತೇ ಕಲಿಯಬೇಕು. ಹೃದಯ ನಿಂತವರ ಎದೆ ಒತ್ತಿ ಉಳಿಸುವ ಸಿಪಿಆರ್ ಕೂಡ ಅಷ್ಟೇ: ನಿಮಿಷಕ್ಕೆ 100ರಿಂದ 120 ಸಲ, ಕನಿಷ್ಠ 5 ಸೆಂ.ಮೀ. ಆಳಕ್ಕೆ ಒತ್ತುವುದು ಎಷ್ಟು ಸುಸ್ತಿನ ಕೆಲಸವೆಂದು ಗೊಂಬೆಯ ಮೇಲೆ ಕೈಯಿಟ್ಟಾಗಲೇ ಗೊತ್ತಾಗುವುದು. ತೊಡಕೆಂದರೆ ಶಿಬಿರಕ್ಕೆ ಬೆಂಗಳೂರಿಗೇ ಹೋಗಬೇಕಾದರೆ ಬಸ್ಸು, ರೂಮು, ಮೇಲೆ ಪಿಟಿ (ಪರ್ಸನಲ್ ಟ್ರೇನಿಂಗ್) ಹಣವೂ ಖೋತಾ.

ಒಂದಕ್ಕೇ ದುಡ್ಡಿದ್ದರೆ ಹೊಸಬರು ಶಿಬಿರಕ್ಕೇ ಹೋಗಲಿ. ಪಳಗಿದವರು, ಅದರಲ್ಲೂ ಐವತ್ತು ದಾಟಿದ ಶುಗರ್, ಬಿಪಿಯವರೇ ಹೆಚ್ಚಾಗಿ ಬರುವಂಥವರು, ಆನ್‌ಲೈನ್ ಹಿಡಿಯಲಿ. ಹಣ ಕಟ್ಟುವ ಮುಂಚೆ ಆ ಗಂಟೆಗಳು ನಿಮ್ಮ ಸರ್ಟಿಫಿಕೇಟ್‌ಗೆ ಲೆಕ್ಕಕ್ಕೆ ಬರುತ್ತವಾ ಕೇಳಿ. ಪೋಸ್ಟರ್ ಮೇಲೆ ‘ಇಂಟರ್‌ನ್ಯಾಷನಲ್’ ಅಂತಿದ್ದ ಮಾತ್ರಕ್ಕೆ ಬರುವುದಿಲ್ಲ.