ಗೊರಾಯಿಯ ಹತ್ತು ದಿನದ ವಿಪಶ್ಯನ ಶಿಬಿರ: ಯಾರಿಗೆ ಹಿತ, ಯಾರಿಗೆ ಬೇಡ

ಮುಂಬೈಯ ಬೊರಿವಲಿ ಪಶ್ಚಿಮದಿಂದ ಗೊರಾಯಿ ಜೆಟ್ಟಿಗೆ ಹೋಗಿ ದೋಣಿ ಹತ್ತಿದರೆ 2009ರಲ್ಲಿ ಉದ್ಘಾಟನೆಯಾದ ಪಗೋಡಾ, ಅಂದರೆ ದೊಡ್ಡ ಬೌದ್ಧ ಸ್ತೂಪ ಸಿಗುತ್ತದೆ. ಕಂಬವೇ ಇಲ್ಲದ ಗುಮ್ಮಟದಡಿ ಸುಮಾರು 8000 ಜನ ಕೂರಬಹುದು. ಇಲ್ಲಿ ಹೇಳುತ್ತಿರುವುದು ಅದರ ಬದಿಯ ಧಮ್ಮ ಪತ್ತನ ಕೇಂದ್ರದಲ್ಲಿ ನಡೆಯುವ ವಿಪಶ್ಯನ ಎಂಬ ಬೌದ್ಧ ಧ್ಯಾನದ ವಸತಿ ಶಿಬಿರದ ಬಗ್ಗೆ. ಶುಲ್ಕವಿಲ್ಲ, ಶಿಬಿರ ಮುಗಿಸಿದವರಿಂದ ಮಾತ್ರ ದಾನ ಪಡೆಯುತ್ತಾರೆ.

ಡೊಂಬಿವಲಿ, ಮುಲುಂಡ್ ಕಡೆಯ ನಮ್ಮ ಕನ್ನಡದವರ ಮನೆಗಳಲ್ಲಿ ಯಾರಾದರೂ ಮಂಕಾದರೆ "ಒಂದು ಶಿಬಿರ ಮಾಡಿ ಬಾ, ಎಲ್ಲ ಸರಿಹೋಗುತ್ತೆ" ಎನ್ನುವುದು ರೂಢಿ. ದಯವಿಟ್ಟು ಹಾಗೆ ಕಳಿಸಬೇಡಿ. ಇದು ವಿಶ್ರಾಂತಿಯಲ್ಲ, ಕಠಿಣ ದುಡಿಮೆ.

ಬೆಳಗಿನ 4ಕ್ಕೆ ಗಂಟೆ, ರಾತ್ರಿ 9.30ಕ್ಕೆ ದೀಪ ಆರುತ್ತದೆ. ನಡುವೆ ಹತ್ತು ತಾಸಿನಷ್ಟು ಧ್ಯಾನ. 11ಕ್ಕೆ ಊಟ, ಸಂಜೆ 5ಕ್ಕೆ ಹೊಸಬರಿಗೆ ಹಣ್ಣು, ಚಹಾ. ಆಮೇಲೆ ತಿನ್ನಲು ಏನೂ ಇಲ್ಲ. ಮಾತು, ಫೋನು, ಪುಸ್ತಕ ಎಲ್ಲ ಬಂದ್. ಮೊದಲ ಮೂರು ದಿನ ಆನಾಪಾನ: ಮೂಗಿನ ಹೊಳ್ಳೆಯ ಕೆಳಗೆ, ಮೇಲ್ತುಟಿಯ ಮೇಲಿನ ಅಂಗೈಗಿಂತ ಚಿಕ್ಕ ಜಾಗದಲ್ಲಿ ಉಸಿರಿನ ಸ್ಪರ್ಶ ಗಮನಿಸುವುದು. ನಾಲ್ಕನೇ ದಿನ ವಿಪಶ್ಯನ: ನೆತ್ತಿಯಿಂದ ಕಾಲ್ಬೆರಳವರೆಗೆ ಸಂವೇದನೆ ನೋಡುತ್ತ ಇಳಿಯುವುದು. ಅಲ್ಲಿಂದ ದಿನಕ್ಕೆ ಮೂರು ಸಲ ಅಧಿಷ್ಠಾನ, ಅಂದರೆ ಒಂದು ತಾಸು ಕಣ್ಣು, ಕೈ, ಕಾಲು ಬಿಚ್ಚದೆ ಕೂರುವುದು.

ಗುಣ ಇಲ್ಲೇ ಕಾಣುತ್ತದೆ. ಮಂಡಿ ಉರಿಯುತ್ತದೆ, ಎದ್ದುಬಿಡೋಣ ಅನ್ನಿಸುತ್ತದೆ. ಎದ್ದೇಳದೆ ನೋಡುತ್ತಿದ್ದರೆ ಉರಿಯೂ ಬದಲಾಗುತ್ತದೆ, ಏಳುವ ತವಕವೂ ಇಳಿಯುತ್ತದೆ. ಮೈಗೆ ಹತ್ತಿದ ಈ ಪಾಠ ಮುಂದೆ ಸಿಟ್ಟು ಬಂದಾಗ ಕೆಲಸಕ್ಕೆ ಬರುತ್ತದೆ.

ಅಪಾಯವೂ ಅದೇ ದಿನಗಳಲ್ಲಿ. ಕೆಲವರಿಗೆ ಮೈ ತನ್ನದಲ್ಲ ಅನ್ನಿಸುತ್ತದೆ, ಹಳೆಯ ಆಘಾತ ಮೇಲೇಳುತ್ತದೆ, ನಿದ್ದೆ ಹಾರಿಹೋಗುತ್ತದೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಸಂಶೋಧಕರು ಬೌದ್ಧ ಧ್ಯಾನಿಗಳನ್ನು ಮಾತಾಡಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇಂಥವು ದಾಖಲಾಗಿವೆ. "ಸಮತೆಯಿಂದ ನೋಡಿ" ಎಂಬ ಸೂಚನೆ ಮಂಡಿನೋವಿಗೆ ಸರಿ; ಗಾಬರಿಯಲ್ಲಿ ನಡುಗುವವರನ್ನು ಇನ್ನಷ್ಟು ಕೂರಿಸಿದರೆ ಗಾಬರಿ ಹೆಚ್ಚಬಹುದು. ಪಾಠವೆಲ್ಲ ಈ ಶಿಬಿರಗಳ ಪದ್ಧತಿ ಹಾಕಿಕೊಟ್ಟ ಗುರು, ದಿವಂಗತ ಎಸ್. ಎನ್. ಗೋಯಂಕಾ ಅವರ ಧ್ವನಿಮುದ್ರಣದಿಂದ. ಮುದ್ರಣಕ್ಕೆ ಎದುರಿಗಿರುವವರ ಮುಖ ಕಾಣುವುದಿಲ್ಲ. ಶಿಬಿರ ನಡೆಸುವ ಸಹಾಯಕ ಆಚಾರ್ಯರು ಧ್ಯಾನ ಬಲ್ಲವರು, ಆ ಹುದ್ದೆಗೆ ಅವರು ಮನೋವೈದ್ಯರಾಗಿರಬೇಕೆಂದಿಲ್ಲ. ಈ ವ್ಯವಸ್ಥೆಯ ದುರ್ಬಲ ಕೊಂಡಿ ಇದೇ.

ಅರ್ಜಿಯಲ್ಲಿ ಮಾನಸಿಕ ಕಾಯಿಲೆ, ಔಷಧಿ ಕುರಿತ ಪ್ರಶ್ನೆಗಳಿವೆ. ಸೀಟು ತಪ್ಪೀತೆಂದು ಮುಚ್ಚಿಡಬೇಡಿ, ಶಿಬಿರಕ್ಕಾಗಿ ಮಾತ್ರೆ ನಿಲ್ಲಿಸಲೇಬೇಡಿ. ಬೈಪೋಲಾರ್ (ಉನ್ಮಾದ, ಖಿನ್ನತೆ ಸರದಿಯಲ್ಲಿ ಬರುವ ಕಾಯಿಲೆ) ಇರುವವರಿಗೆ ನಿದ್ದೆಗೆಟ್ಟರೇ ಉನ್ಮಾದ ಮರುಕಳಿಸಬಹುದು. ಅವರಿಗೂ, ಹಿಂದೆ ಮನೋವಿಕಲತೆ (ಸೈಕೋಸಿಸ್) ಆದವರಿಗೂ ಈ ಶಿಬಿರ ಬೇಡವೇ ಬೇಡ.

ಆಚಾರ್ಯರೊಡನೆ, ವ್ಯವಸ್ಥಾಪಕರೊಡನೆ ಮಾತಾಡಲು ಮೌನದ ನಿಯಮ ಅಡ್ಡಿಯಲ್ಲ. ಮಧ್ಯಾಹ್ನ 12ರಿಂದ 1ರವರೆಗೆ ಆಚಾರ್ಯರ ಭೇಟಿಗೆ ಸಮಯವಿದೆ. ಒಂದು ರಾತ್ರಿ ಪೂರ್ತಿ ನಿದ್ದೆ ಬಾರದಿದ್ದರೆ ಮರುದಿನವೇ ಹೇಳಿ. ಕಣ್ಣು ತೆರೆದು ಕೂರಲು, ನಡೆದಾಡಲು, ಅಧಿಷ್ಠಾನ ಬಿಡಲು ಕೇಳಿ. ಇಲ್ಲದ ದನಿ ಕೇಳಿಸಿದರೆ ಅಲ್ಲಿರಬೇಡಿ, ಮನೆಯವರನ್ನು ಕರೆಸಿಕೊಂಡು ನೇರ ಆಸ್ಪತ್ರೆಗೆ ಹೋಗಿ. ಮನೆಗೆ ಬಂದ ಮೇಲೂ ನಿದ್ದೆ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ; ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.